ಎರೆ ಮಣ್ಣಿಗೆ ಬೂದಿ, ಸುಣ್ಣ: ಅಂಗಳ, ಗೋದಾಮು, ದಾರಿಯ ನೆಲ ಗಟ್ಟಿ ಮಾಡುವುದು ಹೇಗೆ?

ಮಂಡ್ಯ, ಮೈಸೂರು ಅಂದರೆ ಬಹುಪಾಲು ಕೆಮ್ಮಣ್ಣಿನ ಸೀಮೆ. ಕೆಮ್ಮಣ್ಣಿನ ಮೇಲೆ ಕಟ್ಟುವವರಿಗೆ ನೆಲದ ಚಿಂತೆ ಅಷ್ಟಿಲ್ಲ. ಆದರೆ ನಂಜನಗೂಡು, ಟಿ. ನರಸೀಪುರದ ಕಡೆ ಎರೆ ಮಣ್ಣಿನ ಪಟ್ಟಿಗಳಿವೆ. ನಾಲೆ ಬಯಲಿನ ತಗ್ಗು ಗದ್ದೆಗಳಲ್ಲಿ ಜಿಗುಟು ಜೇಡಿ ಸಿಗುತ್ತದೆ. ಅಂಥ ಜಾಗದಲ್ಲಿ ಗೋದಾಮನ್ನೋ, ಹಸುವಿನ ಶೆಡ್ಡನ್ನೋ, ತೋಟದ ದಾರಿಯನ್ನೋ ಮಾಡಿಸಿದವರನ್ನು ಕೇಳಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆ ಹಿಡಿದರೆ ನೆಲ ಉಬ್ಬಿ, ಹಾಸಿದ ಕಾಂಕ್ರೀಟು ಅಲ್ಲಲ್ಲಿ ಎದ್ದು ಕೂರುತ್ತದೆ.

ಮೇಸ್ತ್ರಿಗಳು ಹೇಳುವ ಪರಿಹಾರ ಒಂದೇ: ಮೂರಡಿ ಮಣ್ಣು ತೆಗೆಸಿ, ಗ್ರಾವೆಲ್ ತುಂಬಿಸಿ. ತಪ್ಪೇನಿಲ್ಲ, ಕೆಲಸ ಮಾಡುತ್ತದೆ. ಆದರೆ ತೆಗೆದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ? ತುಂಬುವ ಗ್ರಾವೆಲ್ ಯಾವ ಗುಡ್ಡ ಅಗೆದು ಬರುತ್ತದೆ? ಲಾರಿ ಬಾಡಿಗೆ ಎರಡೂ ಕಡೆಗೆ ಬೀಳುತ್ತದೆ. ಇರುವ ಮಣ್ಣಿನಲ್ಲೇ ಕಾರ್ಖಾನೆಯ ಬೂದಿ ಮತ್ತು ಸುಣ್ಣ ಬೆರೆಸಿ ಗಟ್ಟಿ ಮಾಡುವ ದಾರಿಯೂ ಇದೆ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ಇದು ಅಂಗಳ, ಶೆಡ್ಡಿನ ನೆಲ, ಒಳದಾರಿ, ಒಕ್ಕಣೆ ಕಣ, ಹಗುರ ಗೋದಾಮಿನ ನೆಲಕ್ಕೆ ಮಾತ್ರ. ಮನೆಯ ಗೋಡೆ, ಪಿಲ್ಲರ್ ಹೊರುವ ಪಾಯಕ್ಕೆ ಇದನ್ನು ನಂಬಿ ಕೂರಬೇಡಿ. ಎರೆ ಮಣ್ಣಿನಲ್ಲಿ ಪಾಯ ಹಾಕುವ ವಿಧಾನವೇ ಬೇರೆ. ಅದಕ್ಕೆ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಲೇಬೇಕು.

ಬೂದಿ ಒಂದೇ ಸಾಲದು

ಬೂದಿ ಬೆರೆಸಿದರೆ ಮಣ್ಣು ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅರ್ಧ ಮಾತ್ರ ನಿಜ. ಕಲ್ಲಿದ್ದಲಿನ ಹಾರುಬೂದಿ, ಕಬ್ಬಿನ ಸಿಪ್ಪೆಯ ಬೂದಿ, ಭತ್ತದ ಹೊಟ್ಟಿನ ಬೂದಿ, ಮೂರರಲ್ಲೂ ಸಿಲಿಕಾ ಇದೆ. ಆದರೆ ಸಿಲಿಕಾ ತಾನಾಗಿ ಅಂಟಾಗುವುದಿಲ್ಲ. ಸುಣ್ಣ ಮತ್ತು ನೀರು ಸಿಕ್ಕಿದಾಗ ಮಾತ್ರ ನಿಧಾನವಾಗಿ ಸಿಮೆಂಟಿನಂಥ ಬಂಧ ಹುಟ್ಟುತ್ತದೆ. ನಮ್ಮ ದೇಶದ ಕಲ್ಲಿದ್ದಲಿನ ಬೂದಿಯಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ತೀರಾ ಕಡಿಮೆ. ಸುಣ್ಣವಿಲ್ಲದೆ ಅದನ್ನು ಹಾಕಿದರೆ ಜೇಡಿಯ ಜಿಗುಟು ಸ್ವಲ್ಪ ತಗ್ಗುತ್ತದೆ, ಅಷ್ಟೇ.

ಇದೇನು ಹೊಸ ವಿದ್ಯೆಯಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಇಟ್ಟಿಗೆ ಪುಡಿಯ ಸಿಲಿಕಾ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವುದೂ, ಇಲ್ಲಿ ಬೂದಿಯ ಸಿಲಿಕಾ ಮಾಡುವ ಕೆಲಸವೂ ಒಂದೇ.

ಸುಣ್ಣದಿಂದ ಇನ್ನೊಂದು ಲಾಭವಿದೆ. ಎರೆ ಮಣ್ಣಿನ ಕಣಗಳು ತೆಳುವಾದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನಡುವೆ ನೀರು ನುಗ್ಗಿದರೆ ಹಾಳೆಗಳು ದೂರ ಸರಿದು ಮಣ್ಣು ಉಬ್ಬುತ್ತದೆ. ಸುಣ್ಣದ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂತರೆ ಹಾಳೆಗಳು ಬಿಗಿಯಾಗುತ್ತವೆ, ಕಣಗಳು ಗುಂಪುಗೂಡಿ ಮಣ್ಣು ಹುಡಿಹುಡಿಯಾಗುತ್ತದೆ. ಈ ಬದಲಾವಣೆ ಒಂದೆರಡು ದಿನದಲ್ಲೇ ಕಾಣುತ್ತದೆ. ಬೂದಿ ಮತ್ತು ಸುಣ್ಣ ಸೇರಿ ಬಲ ಬರುವುದಕ್ಕೆ ವಾರಗಳು ಬೇಕು.

ಮೊದಲು ಮಣ್ಣನ್ನು ಕೇಳಿ

ಬೂದಿ ತರಿಸುವ ಮೊದಲು ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಿರಿ. ಐಎಸ್ 2720 ಎಂಬ ಭಾರತೀಯ ಮಾನಕದ 40ನೇ ಭಾಗದಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಇದೆ. ಅಂದಾಜಿಗಾದರೆ ಮನೆಯಲ್ಲೇ ಮಾಡಿ ನೋಡಬಹುದು.

ಮೇಲಿನ ಒಂದಡಿ ಬಿಟ್ಟು, ಕೆಳಗಿನ ಮಣ್ಣು ತೆಗೆಯಿರಿ. ಚೆನ್ನಾಗಿ ಒಣಗಿಸಿ, ಕುಟ್ಟಿ, ನುಣ್ಣನೆಯ ಜರಡಿಯಲ್ಲಿ ಸೋಸಿ. ಲ್ಯಾಬಿನಲ್ಲಿ ಇದಕ್ಕೆ 425 ಮೈಕ್ರಾನ್ ಜರಡಿ ಬಳಸುತ್ತಾರೆ. 100 ಎಂಎಲ್‌ನ ಎರಡು ಅಳತೆ ಜಾಡಿಗೆ ತಲಾ 10 ಗ್ರಾಂ ಹಾಕಿ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. (ಸೀಮೆಎಣ್ಣೆ ಹುಡುಕುವುದೇ ಈಗ ಈ ಪರೀಕ್ಷೆಯ ಕಷ್ಟದ ಭಾಗ.) ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಕನಿಷ್ಠ 24 ಗಂಟೆ ಅಲುಗಾಡಿಸದೆ ಬಿಡಿ.

ಮರುದಿನ ನೋಡಿದರೆ ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು ಹಾಗೇ ಕೂತಿರುತ್ತದೆ. ನೀರಿನ ಜಾಡಿಯಲ್ಲಿ ಎರೆ ಮಣ್ಣಾದರೆ ಗಂಜಿಯ ಹಾಗೆ ಮೇಲೆದ್ದಿರುತ್ತದೆ. ಸೀಮೆಎಣ್ಣೆಯಲ್ಲಿ 10 ಎಂಎಲ್ ಗೆರೆ, ನೀರಿನಲ್ಲಿ 19 ಎಂಎಲ್ ಗೆರೆ ಬಂತು ಅನ್ನಿ. ವ್ಯತ್ಯಾಸ 9. ಅದನ್ನು 10ರಿಂದ ಭಾಗಿಸಿ 100ರಿಂದ ಗುಣಿಸಿದರೆ ಉಬ್ಬುವಿಕೆ ಶೇ. 90. ಶೇ. 50ಕ್ಕಿಂತ ಕಡಿಮೆ ಬಂದರೆ ಹೆಚ್ಚು ತೊಂದರೆಯಿಲ್ಲ. 50ರಿಂದ 100 ಮಧ್ಯಮ. 100 ದಾಟಿದರೆ ಜಾಸ್ತಿ, 200 ದಾಟಿದರೆ ತೀರಾ ಜಾಸ್ತಿ.

ಶೇ. 50ರ ಒಳಗಿದ್ದರೆ, ಅದರಲ್ಲೂ ಕೆಮ್ಮಣ್ಣಾದರೆ, ಈ ಲೇಖನ ಇಲ್ಲಿಗೇ ಬಿಡಿ. ಸರಿಯಾದ ತೇವದಲ್ಲಿ ರೋಲರ್ ಹೊಡೆಸಿ, ನೀರು ಹೋಗಲು ದಾರಿ ಮಾಡಿದರೆ ಸಾಕು. ಯಾರೋ ಹೇಳಿದರೆಂದು ಒಳ್ಳೆಯ ಕೆಮ್ಮಣ್ಣಿಗೆ ಸುಮ್ನೆ ಬೂದಿ ಸುರಿಸುವುದು ದುಡ್ಡು ದಂಡ.

100 ದಾಟಿದರೆ ಲ್ಯಾಬಿಗೆ ಹೋಗಲೇಬೇಕು. ಮಂಡ್ಯದ ಪಿಇಎಸ್ ಕಾಲೇಜು, ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಮುಂತಾದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಖಾಸಗಿ ಮಣ್ಣು ಪರೀಕ್ಷಾ ಲ್ಯಾಬುಗಳೂ ಇವೆ. ಕೃಷಿಯ ಮಣ್ಣು ಪರೀಕ್ಷೆಯ ಚೀಟಿ ಇದಕ್ಕೆ ಪ್ರಯೋಜನವಿಲ್ಲ. ಅದು ಬೆಳೆಯ ಗೊಬ್ಬರದ ಲೆಕ್ಕ.

ಲ್ಯಾಬಿನವರಿಗೆ ಸಲ್ಫೇಟ್ ಅಂಶವನ್ನೂ ನೋಡಲು ಹೇಳಿ. ಇದನ್ನು ಮರೆಯಬೇಡಿ. ನಾಲೆ ನೀರು ಇಂಗಿ ಇಂಗಿ ಬಿಳಿ ಉಪ್ಪು ಮೇಲೇಳುವ ಚೌಳು ಜಾಗಗಳು ನಮ್ಮಲ್ಲಿವೆ, ಅಲ್ವಾ? ಆ ಉಪ್ಪಿನಲ್ಲಿ ಸಲ್ಫೇಟ್ ಇದ್ದರೆ, ಅದು ಸುಣ್ಣ ಮತ್ತು ಜೇಡಿಯ ಅಲ್ಯುಮಿನಾ ಜೊತೆ ಸೇರಿ ನೀರು ಹೀರುವ ಹರಳುಗಳಾಗುತ್ತದೆ. ಉಬ್ಬು ತಗ್ಗಿಸಲು ಹಾಕಿದ ಸುಣ್ಣವೇ ಆಗ ನೆಲವನ್ನು ಎತ್ತುತ್ತದೆ. ಅದೂ ಕೆಲಸ ಮುಗಿದು ಎಷ್ಟೋ ದಿನದ ಮೇಲೆ. ಗೊಬ್ಬರ ಕಾರ್ಖಾನೆಗಳ ಜಿಪ್ಸಂ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಈ ಮಿಶ್ರಣಕ್ಕೆ ಸೇರಿಸಲು ಹೇಳಿದರೆ ಬೇಡ ಅನ್ನುವುದೂ ಇದಕ್ಕೇ.

ಯಾವ ಬೂದಿ, ಎಲ್ಲಿಂದ?

ಪುಸ್ತಕಗಳಲ್ಲಿ ಮೊದಲ ಹೆಸರು ಹಾರುಬೂದಿಯದು. ಆದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇಲ್ಲ. ರಾಯಚೂರಿನ ಶಕ್ತಿನಗರ ರಾಜ್ಯದ ಇನ್ನೊಂದು ತುದಿ. ಅದಕ್ಕಿಂತ ಹತ್ತಿರ ಎಂದರೆ ನಮ್ಮ ಕಾವೇರಿ ಹೋಗಿ ನಿಲ್ಲುವ ತಮಿಳುನಾಡಿನ ಮೆಟ್ಟೂರು. ಬೂದಿ ಪುಕ್ಕಟೆ ಸಿಕ್ಕರೂ ಸಾಗಾಟವೇ ಅದರ ಬೆಲೆ. ಸಣ್ಣ ಅಂಗಳಕ್ಕಾಗಿ ಅಲ್ಲಿಂದ ಬೂದಿ ತರಿಸಿದರೆ ಲಾರಿಯ ಹೊಗೆಯಲ್ಲೇ ಪರಿಸರದ ಲೆಕ್ಕ ತಪ್ಪುತ್ತದೆ. ನಿಮ್ಮೂರಿನ ಬ್ಲಾಕ್ ತಯಾರಕರು ಹೇಗೂ ತರಿಸುತ್ತಿದ್ದರೆ, ಅವರಿಂದ ಒಂದು ಟ್ರ್ಯಾಕ್ಟರ್ ಲೋಡು ಕೊಳ್ಳುವುದು ಬೇರೆ ಮಾತು.

ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ, ಜಿಜಿಬಿಎಸ್ ಎನ್ನುತ್ತಾರಲ್ಲ, ಅದು ಒಳ್ಳೆಯ ಸಾಮಗ್ರಿ. ಗುಣಮಟ್ಟವೂ ಒಂದೇ ತೆರನಾಗಿರುತ್ತದೆ. ರೆಡಿಮಿಕ್ಸ್ ಕಾಂಕ್ರೀಟಿನವರು ಬಳಸುತ್ತಾರೆ. ಆದರೆ ಕಾಂಕ್ರೀಟಿನಲ್ಲೇ ಅದಕ್ಕೆ ಬೇಡಿಕೆ ಇರುವಾಗ ಅಂಗಳಕ್ಕೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಉಳಿಯುವುದು ನಮ್ಮ ಮನೆಬಾಗಿಲಿನ ಬೂದಿ. ಮಂಡ್ಯದಲ್ಲಿ 1933ರಿಂದ ಮೈಷುಗರ್ ಇದೆ. ಪಾಂಡವಪುರ, ಮದ್ದೂರು, ಕೆ.ಆರ್. ಪೇಟೆ, ನಂಜನಗೂಡು ತಾಲ್ಲೂಕುಗಳಲ್ಲಿ ಬೇರೆ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಅರೆದು ಉಳಿದ ಸಿಪ್ಪೆಯನ್ನೇ ಬಾಯ್ಲರಿಗೆ ಉರಿಸುವುದು. ಅದರ ಬೂದಿ ಹಂಗಾಮು ಪೂರ್ತಿ ಬರುತ್ತದೆ. ಅಕ್ಕಿ ಗಿರಣಿಗಳದು ಇನ್ನೊಂದು ಮೂಲ. 100 ಕೆಜಿ ಭತ್ತದಿಂದ ಸುಮಾರು 20 ಕೆಜಿ ಹೊಟ್ಟು, ಅದನ್ನು ಸುಟ್ಟರೆ ಸುಮಾರು 4 ಕೆಜಿ ಬೂದಿ. ಸರಿಯಾಗಿ ಸುಟ್ಟ ಹೊಟ್ಟಿನ ಬೂದಿಯಲ್ಲಿ ಹೆಚ್ಚುಕಡಿಮೆ ಶೇ. 85ರಿಂದ 95 ಸಿಲಿಕಾ ಇರುತ್ತದೆ. ಆಲೆಮನೆ ಒಲೆಯ ಬೂದಿಯೂ ಇದೇ ಜಾತಿಯದು. ಆದರೆ ಒಂದೊಂದು ದಿನ ಒಂದೊಂದು ಥರ ಇರುತ್ತದೆ, ಮಣ್ಣು ಕಲ್ಲು ಬೆರೆತಿರುತ್ತದೆ. ಸಣ್ಣ ಜಾಗಕ್ಕೆ, ಪರೀಕ್ಷೆ ಮಾಡಿದ ಮೇಲೆ ಮಾತ್ರ ಬಳಸಿ.

"ಸರಿಯಾಗಿ ಸುಟ್ಟ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ಉರಿ ಕಮ್ಮಿಯಾದರೆ ಇದ್ದಿಲು ಉಳಿಯುತ್ತದೆ. ವಿಪರೀತ ಉರಿದರೆ ಸಿಲಿಕಾ ಹರಳುಗಟ್ಟಿ ಸುಣ್ಣದ ಜೊತೆ ಸೇರುವ ಗುಣ ಕಳೆದುಕೊಳ್ಳುತ್ತದೆ. ಸುಮಾರು 600ರಿಂದ 700 ಡಿಗ್ರಿಯಲ್ಲಿ ಸುಟ್ಟದ್ದು ಒಳ್ಳೆಯದು. ಅದನ್ನು ಕಾರ್ಖಾನೆ ಗೇಟಿನಲ್ಲಿ ನಿಂತು ಅಳೆಯಲು ಆಗುವುದಿಲ್ಲ. ಬಣ್ಣ ನೋಡಿ. ಕಪ್ಪಗಿದ್ದರೆ ಇದ್ದಿಲು ಜಾಸ್ತಿ. ಬೂದು ಅಥವಾ ನಸುಬಿಳಿ ಇದ್ದರೆ ವಾಸಿ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಹಾಕಿ ಕಲಕಿ. ಕರಿ ಚೂರು ರಾಶಿರಾಶಿ ತೇಲಿದರೆ ಆ ಲೋಡು ಬೇಡ. ಲ್ಯಾಬಿನಲ್ಲಾದರೆ ಬೂದಿಯನ್ನು ಮತ್ತೆ ಕಾಯಿಸಿ ಎಷ್ಟು ತೂಕ ಕಳೆಯಿತು ಎಂದು ನೋಡುತ್ತಾರೆ. ಸಿಮೆಂಟಿಗೆ ಬೆರೆಸುವ ಹಾರುಬೂದಿಗೆ ಐಎಸ್ 3812 ಹಾಕಿರುವ ಮಿತಿ ಶೇ. 5. ಸಿಪ್ಪೆ ಬೂದಿಯಲ್ಲಿ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದರೂ ಹತ್ತಿರವಿದ್ದಷ್ಟೂ ಒಳ್ಳೆಯದು.

ಇನ್ನೊಂದು ವಿಷಯ: ಸಕ್ಕರೆ ಕಾರ್ಖಾನೆಯ ಬೂದಿ ಹೆಚ್ಚಾಗಿ ಒದ್ದೆಯಾಗಿ ಬರುತ್ತದೆ. ಹೊಗೆಯನ್ನು ನೀರಿನಿಂದ ತೊಳೆದಾಗ ಸಿಕ್ಕಿದ ಬೂದಿ ಅದು. ತೂಕದ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ತಂದು, ಹರಡಿ, ಒಣಗಿಸಿ, ಜರಡಿ ಹಿಡಿದು, ಟಾರ್ಪಾಲು ಮುಚ್ಚಿಡಿ.

ಪ್ರಮಾಣ ಎಷ್ಟು?

ಸಾಮಾನ್ಯವಾಗಿ ಮಣ್ಣಿನ ಒಣ ತೂಕದ ಶೇ. 3ರಿಂದ 6 ಸುಣ್ಣ, ಶೇ. 10ರಿಂದ 20 ಬೂದಿ. ಜಾಸ್ತಿ ಬೂದಿ ಹಾಕಿದರೆ ಜಾಸ್ತಿ ಬಲ ಅಂತೇನಿಲ್ಲ. ಒಂದು ಮಟ್ಟ ದಾಟಿದರೆ ಬಲ ಇಳಿಯಲು ಶುರುವಾಗುತ್ತದೆ. ಅದಕ್ಕೇ ಮೊದಲು ಉಂಡೆ ಪರೀಕ್ಷೆ ಮಾಡಿ.

ಸುಣ್ಣವನ್ನು ಶೇ. 4ಕ್ಕೆ ನಿಲ್ಲಿಸಿ, ಬೂದಿ ಶೇ. 10, 15, 20 ಎಂದು ಮೂರು ಮಿಶ್ರಣ ಮಾಡಿ. ಜೊತೆಗೆ ಏನೂ ಹಾಕದ ಬರೀ ಮಣ್ಣಿನದೊಂದು, ಬರೀ ಸುಣ್ಣ ಹಾಕಿದ್ದೊಂದು. ಒಂದೇ ಅಳತೆಯ ಪಿವಿಸಿ ಪೈಪಿನ ತುಂಡಿನಲ್ಲಿ ಒಂದೇ ಸಮ ಕುಟ್ಟಿ, ಹೊರತೆಗೆದು, ಪ್ಲಾಸ್ಟಿಕ್ ಸುತ್ತಿ ನೆರಳಲ್ಲಿಡಿ. ಮೇಲೆ ಚೀಟಿ ಅಂಟಿಸಿ, ಇಲ್ಲವಾದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಏಳು ದಿನ ಬಿಟ್ಟು ಎಲ್ಲವನ್ನೂ ಬಿಚ್ಚಿ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಬರೀ ಮಣ್ಣಿನ ಉಂಡೆ ಅಂಚಿನಿಂದ ಉದುರುತ್ತಾ ಬೇಗನೆ ಕುಸಿದು ಗುಡ್ಡೆಯಾಗುತ್ತದೆ. ಒಳ್ಳೆಯ ಮಿಶ್ರಣ ಮರುದಿನವೂ ಚೂಪು ಅಂಚಿನೊಂದಿಗೆ ನಿಂತಿರುತ್ತದೆ, ಹೆಬ್ಬೆರಳಿನಿಂದ ಒತ್ತಿದರೂ ತಗ್ಗುವುದಿಲ್ಲ. ಬೂದಿ ಹಾಕಿದ್ದಕ್ಕೂ ಬರೀ ಸುಣ್ಣ ಹಾಕಿದ್ದಕ್ಕೂ ವ್ಯತ್ಯಾಸವೇ ಕಾಣದಿದ್ದರೆ ಆ ಬೂದಿಯನ್ನು ನೆಚ್ಚಬೇಡಿ. ಗೆದ್ದ ಮಿಶ್ರಣವನ್ನು ಲ್ಯಾಬಿಗೆ ಕೊಟ್ಟು ಸಿಬಿಆರ್, ಅಂದರೆ ನೆಲ ಎಷ್ಟು ಭಾರ ತಡೆಯುತ್ತದೆ ಎಂದು ಅಳೆಯುವ ಪರೀಕ್ಷೆ ಮಾಡಿಸಿ. ನೆನೆಸಿದ ಎರೆ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2ರ ಆಸುಪಾಸು. ಒಳ್ಳೆಯ ಮಿಶ್ರಣದಲ್ಲಿ ಅದು 10 ದಾಟಬೇಕು.

ಒಂದು ಲೆಕ್ಕ ಹಾಕಿ ನೋಡೋಣ. 30×40 ಅಂಗಳ, ಅಂದರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. ಒತ್ತಿದ ಮೇಲೆ 20 ಸೆಂ.ಮೀ. ದಪ್ಪ ಬೇಕು. ಒಂದು ಘನ ಮೀಟರಿಗೆ 1.5 ಟನ್ ಒಣ ತೂಕ ಎಂದರೆ ಒಟ್ಟು ಸುಮಾರು 33 ಟನ್ ಮಣ್ಣು. ಶೇ. 4 ಸುಣ್ಣ ಎಂದರೆ ಸುಮಾರು 1,340 ಕೆಜಿ, 25 ಕೆಜಿಯ 54 ಮೂಟೆ. ಶೇ. 15 ಬೂದಿ ಎಂದರೆ ಒಣಗಿದ್ದು 5 ಟನ್. ತೆಗೆದು ತುಂಬಬೇಕಾದ ಗ್ರಾವೆಲ್ ಲೋಡುಗಳ ಜೊತೆ ಈ ಲೆಕ್ಕವನ್ನು ಹೋಲಿಸಿ ನೋಡಿ. ಗ್ರಾವೆಲ್ ನಿಮ್ಮ ಜಾಗದ ಪಕ್ಕದಲ್ಲೇ ಸಿಗುವುದಾದರೆ ಅದೇ ಅಗ್ಗವಾಗಬಹುದು. ಆಗ ಹಟ ಬೇಡ.

ಕೆಲಸದ ದಿನಗಳು

ಭತ್ತ ಕೊಯ್ದು ಗದ್ದೆ ಒಣಗಿದ ಮೇಲೆ, ಬೇಸಿಗೆ ಮಳೆ ಶುರುವಾಗುವ ಮೊದಲು ಕೆಲಸ ಇಟ್ಟುಕೊಳ್ಳಿ. ಜನವರಿಯಿಂದ ಮಾರ್ಚ್ ಹದವಾದ ಕಾಲ. ಬೂದಿಯನ್ನು ಮಾತ್ರ ಹಂಗಾಮು ನಡೆಯುವಾಗಲೇ ತಂದಿಟ್ಟುಕೊಳ್ಳಿ.

ಹುಲ್ಲು, ಬೇರು ಇರುವ ಮೇಲ್ಮಣ್ಣನ್ನು ತೆಗೆದು ತೋಟಕ್ಕೆ ಹಾಕಿ. ಬೇರು ಕೊಳೆತ ಮಣ್ಣಿನಲ್ಲಿ ಸುಣ್ಣ ಸರಿಯಾಗಿ ಕೆಲಸ ಮಾಡುವುದಿಲ್ಲ. 20 ಸೆಂ.ಮೀ. ದಪ್ಪವನ್ನು ಒಂದೇ ಸಲ ಒತ್ತಲು ಹೋಗಬೇಡಿ, 10 ಸೆಂ.ಮೀ.ನಂತೆ ಎರಡು ಪದರ ಮಾಡಿ. ಅರ್ಧ ಮಣ್ಣನ್ನು ಬದಿಗೆ ಎಳೆದು, ಕೆಳಗಿನ ಪದರವನ್ನು ಟ್ರ್ಯಾಕ್ಟರಿನ ರೋಟವೇಟರ್‌ನಲ್ಲಿ ಹೊಡೆಸಿ. ಹೆಂಟೆ ಒಡೆಯುವುದೇ ಇಲ್ಲಿ ದೊಡ್ಡ ಕೆಲಸ. ಕಡಲೆಕಾಯಿಗಿಂತ ದೊಡ್ಡ ಹೆಂಟೆ ಉಳಿದರೆ ಅದರ ಹೊರಗೆ ಮಾತ್ರ ಸುಣ್ಣ ಮೆತ್ತಿಕೊಳ್ಳುತ್ತದೆ, ಒಳಗೆ ಹಳೆಯ ಎರೆ ಮಣ್ಣೇ ಇರುತ್ತದೆ.

ಆಮೇಲೆ ಸುಣ್ಣ. ಅರಳಿಸಿದ ಸುಣ್ಣದ ಪುಡಿಯನ್ನೇ ಕೊಳ್ಳಿ. ಸುಟ್ಟ ಸುಣ್ಣ ನೀರು ಬಿದ್ದೊಡನೆ ಕುದಿಯುತ್ತದೆ, ಸಣ್ಣ ಕೆಲಸಕ್ಕೆ ಆ ಅಪಾಯ ಬೇಡ. ಒಂದು ಪದರಕ್ಕೆ 25 ಕೆಜಿಯ ಮೂಟೆ ಸುಮಾರು 45 ಚದರ ಅಡಿಗೆ ಬರುತ್ತದೆ. ನೆಲದ ಮೇಲೆ ಸುಮಾರು ಆರೂಮುಕ್ಕಾಲು ಅಡಿಯ ಚೌಕ ಗೆರೆ ಹಾಕಿ, ಚೌಕಕ್ಕೊಂದು ಮೂಟೆ ಇಟ್ಟು, ಅಲ್ಲೇ ಬಿಚ್ಚಿ ಹರಡಿಸಿ. ಕಣ್ಣಂದಾಜಿನಲ್ಲಿ ಎರಚಿದರೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಖಾಲಿ. ಗಾಳಿ ಬೀಸುವ ಮಧ್ಯಾಹ್ನ ಬೇಡ, ಬೆಳಗ್ಗೆಯೇ ಮುಗಿಸಿ. ಕೆಲಸದವರಿಗೆ ಕನ್ನಡಕ, ಮಾಸ್ಕ್, ಕೈಗವಸು, ಗಮ್‌ಬೂಟು ಕೊಡಲೇಬೇಕು. ಕಣ್ಣಿಗೆ ಸುಣ್ಣ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಒಂದು ಡ್ರಮ್ ಶುದ್ಧ ನೀರು ಪಕ್ಕದಲ್ಲೇ ಇರಲಿ.

ಸುಣ್ಣ ಬೆರೆಸಿ, ನೀರು ಚಿಮುಕಿಸಿ, ಮತ್ತೊಮ್ಮೆ ರೋಟವೇಟರ್ ಹೊಡೆಸಿ, ಲಘುವಾಗಿ ಒತ್ತಿ ಒಂದು ದಿನ ಬಿಡಿ. ಮರುದಿನ ಮಣ್ಣು ಕೈಗೆ ಅಂಟುವುದಿಲ್ಲ, ಹೆಂಟೆ ಹಿಸುಕಿದರೆ ಪುಡಿಯಾಗುತ್ತದೆ. ಗುತ್ತಿಗೆದಾರರು ಒಂದು ದಿನದ ಬಾಡಿಗೆ ಉಳಿಸಲು ಈ ಹಂತ ಹಾರಿಸಲು ನೋಡುತ್ತಾರೆ. ಬಿಡಬೇಡಿ. ಅಂದು ಬೂದಿ ಹರಡಿ, ಮತ್ತೆ ಎರಡು ಮೂರು ಸಲ ಹೊಡೆಸಿ. ಬಣ್ಣ ಎಲ್ಲೆಡೆ ಒಂದೇ ಆಗಬೇಕು. ನಡುವೆ ಅಲ್ಲಲ್ಲಿ ಸನಿಕೆಯಿಂದ ಕತ್ತರಿಸಿ, ಆ ಗೋಡೆಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಶಾಲೆಯ ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. ಸುಣ್ಣ ತಲುಪಿದ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಬಾರದ ಪಟ್ಟೆ ಕಂಡರೆ ಅಲ್ಲಿ ಮಿಶ್ರಣ ಇಳಿದಿಲ್ಲ ಎಂದರ್ಥ.

ತೇವ ಲ್ಯಾಬು ಹೇಳಿದ್ದಕ್ಕಿಂತ ಒಂದೆರಡು ಶೇಕಡಾ ಜಾಸ್ತಿ ಇರಲಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈ ಒದ್ದೆಯಾಗಬಾರದು. ಬೂದಿ ಬೆರೆಸಿದ ದಿನವೇ ಒತ್ತಿ ಮುಗಿಸಿ. ದೊಡ್ಡ ಜಾಗಕ್ಕೆ 8–10 ಟನ್ ರೋಲರ್, ಇಕ್ಕಟ್ಟಿನ ಅಂಗಳಕ್ಕೆ ಕುಟ್ಟುವ ಯಂತ್ರ, ಅಂದರೆ ರ‍್ಯಾಮರ್. ರೋಲರ್ ಆರೆಂಟು ಸಲ ಓಡಬೇಕಾಗುತ್ತದೆ. ನೆಲದಿಂದ ಮಣ್ಣಿನ ತುಂಡು ತೆಗೆಯುವ ಕೊಳವೆ, ಅಂದರೆ ಕೋರ್ ಕಟರ್‌ನಲ್ಲಿ ಎರಡು ಮೂರು ಕಡೆ ಸಾಂದ್ರತೆ ನೋಡಿಸಿ. ಲ್ಯಾಬಿನ ಗರಿಷ್ಠ ಸಾಂದ್ರತೆಯ ಶೇ. 95 ಮುಟ್ಟಿದರೆ ಸರಿ. ಮೇಲ್ಮೈಯನ್ನು ಕೆರೆದು ಒರಟು ಮಾಡಿ ಎರಡನೇ ಪದರ ಹಾಕಿ.

ಹದಗೊಳಿಸಿದ ಪಟ್ಟಿ ಕಟ್ಟಡದ ಅಂಚಿಗೇ ನಿಲ್ಲಬಾರದು. ಸುತ್ತ ಎರಡು ಮೂರು ಅಡಿ ಹೊರಗೆ ಹೋಗಲಿ.

ಆಮೇಲೆ

ಏಳು ದಿನ ಒಣಗಲು ಬಿಡಬೇಡಿ. ಒದ್ದೆ ಗೋಣಿ, ಭತ್ತದ ಹುಲ್ಲು, ಪ್ಲಾಸ್ಟಿಕ್ ಹಾಳೆ, ಯಾವುದಾದರೂ ಆಗುತ್ತದೆ. ನೀರು ಚಿಮುಕಿಸಿದರೆ ಸಾಕು, ಹರಿಸಬೇಡಿ. ಆ ದಿನಗಳಲ್ಲಿ ಬೈಕು ಕೂಡ ಹತ್ತಬಾರದು. ಇದರ ಮೇಲೆ ನೇರವಾಗಿ ಗಾಡಿ ಓಡಿಸುವ ನೆಲವೂ ಇದಲ್ಲ. ಚಕ್ರ ಉಜ್ಜಿದರೆ ಪುಡಿ ಏಳುತ್ತದೆ. ಮೇಲೆ ಜಲ್ಲಿ, ಪೇವರ್ ಅಥವಾ ಕಾಂಕ್ರೀಟು ಬರಬೇಕು. ಹಳೆ ಮನೆ ಕೆಡವಿದ ಕಾಂಕ್ರೀಟನ್ನು ಒಡೆಸಿ, ಮರ, ಪ್ಲಾಸ್ಟಿಕ್, ಜಿಪ್ಸಂ ಬೋರ್ಡಿನ ಚೂರು ಆರಿಸಿ ತೆಗೆದರೆ ಜಲ್ಲಿಯ ಬದಲು ಅದನ್ನೇ ಹಾಕಬಹುದು. ಭರ್ತಿ ಲಾರಿ ಬಿಡುವುದನ್ನು 28 ದಿನದ ಮೇಲೆ ಇಟ್ಟುಕೊಳ್ಳಿ.

ಬೂದಿಯಲ್ಲಿ ಅಲ್ಪ ಪ್ರಮಾಣದಲ್ಲಿ ಭಾರ ಲೋಹಗಳಿರಬಹುದು, ಮುಖ್ಯವಾಗಿ ಕಲ್ಲಿದ್ದಲಿನ ಬೂದಿಯಲ್ಲಿ. ಕುಡಿಯುವ ನೀರಿನ ಬಾವಿಯ ಪಕ್ಕ, ನೀರು ಸದಾ ನಿಲ್ಲುವ ತಗ್ಗಿನಲ್ಲಿ ಈ ಕೆಲಸ ಬೇಡ. ಕಸ ಸುಟ್ಟ ಬೂದಿ, ಯಾವ ಕಾರ್ಖಾನೆಯದೆಂದು ಗೊತ್ತಿಲ್ಲದ ಬೂದಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಲೋಡಿನ ಜೊತೆ ಕಾರ್ಖಾನೆಯ ಗೇಟ್ ಪಾಸ್ ಕೇಳಿ ಇಸ್ಕೊಳ್ಳಿ.

ಕೊನೆಗೆ ನೀರಿನ ದಾರಿ. ಪಕ್ಕದ ಗದ್ದೆಗೆ ನಾಲೆ ನೀರು ಬಿಟ್ಟಾಗ ನಿಮ್ಮ ಜಾಗದ ಕೆಳಗೂ ತೇವ ಏರುತ್ತದೆ. ಗದ್ದೆ ಕಡೆಯ ಅಂಚಿಗೆ ಹದಗೊಳಿಸಿದ ಪದರಕ್ಕಿಂತ ಆಳವಾದ ಚರಂಡಿ ತೋಡಿ, ಇಳಿಜಾರು ಕೊಟ್ಟು ಹೊರಗೆ ಬಿಡಿ. ಶೆಡ್ಡಿನ ಸೂರಿನ ನೀರು ಬುಡಕ್ಕೆ ಬೀಳದೆ ಪೈಪಿನಲ್ಲಿ ಅದೇ ಚರಂಡಿ ಸೇರಲಿ. ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಅಂಚಿನುದ್ದಕ್ಕೂ ನಡೆದು ನೋಡಿ. ಬಿರುಕು ಬಿಡುವುದಾದರೆ ಸಾಮಾನ್ಯವಾಗಿ ಅಲ್ಲೇ ಶುರು. ಕೂದಲೆಳೆಯಷ್ಟಿದ್ದರೆ ಸುಣ್ಣ–ಬೂದಿಯ ತಿಳಿ ಗಾರೆ ಇಳಿಸಿ ಮುಚ್ಚಿ. ಬೆರಳು ತೂರುವಷ್ಟಿದ್ದರೆ ಮೊದಲು ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿ.